ಫೋನಿಗೊಂದು ಪೆಟ್ಟಿಗೆ, ಪೆಟ್ಟಿಗೆಗೊಂದು ಹದಿನೈದು ಸುತ್ತಿನ ನಟ್

ಮಾಡಿದ್ದು ಇಷ್ಟೇ: ಒಂದು ಪ್ಲೈವುಡ್ ಪೆಟ್ಟಿಗೆ. ಒಳಗೆ ಫೋನ್ ಚಾರ್ಜ್ ಆಗುತ್ತಿರುತ್ತದೆ. ಮುಚ್ಚಳ ತೆಗೆದಾಗಲೆಲ್ಲ ಎಷ್ಟು ಗಂಟೆಗೆ ತೆಗೆದರು, ಎಷ್ಟು ಹೊತ್ತಿಗೆ ಮುಚ್ಚಿದರು ಅಂತ ಒಂದು ಪುಟ್ಟ ಬೋರ್ಡ್ ಬರೆದಿಟ್ಟುಕೊಳ್ಳುತ್ತದೆ. ಮುಚ್ಚಳ ತೆಗೆಯಬೇಕಾದರೆ ಒಂದು ನಟ್ಟನ್ನು ಹದಿನೈದು ಸುತ್ತು ತಿರುಗಿಸಬೇಕು. ಬೀಗ ಇಲ್ಲ, ಪಾಸ್‌ವರ್ಡ್ ಇಲ್ಲ, ಆ್ಯಪ್ ಅಂತೂ ಇಲ್ಲವೇ ಇಲ್ಲ.

ರಿಪೇರಿ ಆಗಬೇಕಿದ್ದದ್ದು ಫೋನ್ ಅಲ್ಲ, ಕೈ. ಮಲಗುವಾಗ ದಿಂಬಿನ ಪಕ್ಕಕ್ಕೆ ಹೋಗುವ ಕೈ, ಎದ್ದ ಕೂಡಲೇ ಕಣ್ಣು ಬಿಡುವ ಮೊದಲೇ ಅಲ್ಲಿಗೇ ಹೋಗುವ ಕೈ. ಇದನ್ನು ಮನಸ್ಸು ಗಟ್ಟಿ ಮಾಡಿಕೊಂಡು ಸರಿ ಮಾಡುವವರು ಮಾಡಲಿ, ಬೇಡ ಅನ್ನುವುದಿಲ್ಲ. ಆದರೆ ಆ ಕೈ ಹೊರಡುವಾಗ ಮನಸ್ಸನ್ನು ಕೇಳಿಕೊಂಡೇನೂ ಹೊರಡುವುದಿಲ್ಲ ಅಲ್ವಾ? ಕೇಳದೇ ಹೋಗುವ ಕೈಯನ್ನು ಸ್ಕ್ರೂಡ್ರೈವರ್ ಹಿಡಿದು ತಡೆಯೋದೇ ಸುಲಭ ಅಂತ ನನ್ನ ಲೆಕ್ಕ.

ಮೊದಲು ಅಳತೆ

ಏನನ್ನಾದರೂ ಬಿಚ್ಚುವ ಮೊದಲು ಅದು ಎಲ್ಲಿ ಕೆಟ್ಟಿದೆ ಅಂತ ನೋಡಬೇಕು. ಫೋನುಗಳಲ್ಲೇ ಈಗ ಲೆಕ್ಕ ಸಿಗುತ್ತದೆ. 2018ರಿಂದ ಐಫೋನ್‌ನಲ್ಲಿ ಸ್ಕ್ರೀನ್ ಟೈಮ್ ಇದೆ, ಆಂಡ್ರಾಯ್ಡ್‌ನಲ್ಲಿ ಡಿಜಿಟಲ್ ವೆಲ್‌ಬೀಯಿಂಗ್ ಇದೆ. ದಿನಕ್ಕೆ ಎಷ್ಟು ಸಲ ಅನ್‌ಲಾಕ್ ಮಾಡಿದಿರಿ, ಯಾವ ಆ್ಯಪ್‌ನಲ್ಲಿ ಎಷ್ಟು ಹೊತ್ತು ಇದ್ದಿರಿ, ಎಲ್ಲ ಹೇಳುತ್ತವೆ. ಆದರೆ ಆ ಲೆಕ್ಕ ನೋಡಲು ಮತ್ತೆ ಫೋನನ್ನೇ ಎತ್ತಬೇಕು. ಲೆಕ್ಕ ನೋಡಲು ಹೋದವರು ಇನ್ನೇನೋ ನೋಡಿ ಬರುತ್ತಾರೆ. ಅದಕ್ಕೇ ಲೆಕ್ಕ ಹೊರಗಡೆ ಇರಲಿ ಅನ್ನಿಸಿತು.

ಮನಃಶಾಸ್ತ್ರಜ್ಞೆ ವೆಂಡಿ ವುಡ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದೆ. ವಿದ್ಯಾರ್ಥಿಗಳು ಗಂಟೆಗೊಮ್ಮೆ ತಾವು ಆಗ ಏನು ಮಾಡುತ್ತಿದ್ದೇವೆ, ಏನು ಯೋಚಿಸುತ್ತಿದ್ದೇವೆ ಅಂತ ಡೈರಿಯಲ್ಲಿ ಬರೆದಿಡಬೇಕಿತ್ತು. ಬರೆದ ಕೆಲಸಗಳಲ್ಲಿ ಸುಮಾರು 43 ಶೇಕಡದಷ್ಟು ಹೆಚ್ಚುಕಡಿಮೆ ದಿನಾ, ಅದೇ ಜಾಗದಲ್ಲಿ ಅಥವಾ ಅದೇ ಸಂದರ್ಭದಲ್ಲಿ ನಡೆಯುವಂಥವು. ಕೈ ಒಂದು ಕಡೆ, ಯೋಚನೆ ಇನ್ನೊಂದು ಕಡೆ ಇರುವುದು ಇಂಥ ಕೆಲಸಗಳಲ್ಲೇ ಜಾಸ್ತಿ. ಇದನ್ನು ಓದಿದ ಮೇಲೆ ನನಗೆ ಬೇಕಾದ್ದು ಬರೀ 'ಎಷ್ಟು ಸಲ' ಅಲ್ಲ, 'ಯಾವಾಗ, ಏನಾದ ಮೇಲೆ' ಅನ್ನೋದು ಸ್ಪಷ್ಟವಾಯಿತು. ಅಂದರೆ ಎಣಿಸುವ ಯಂತ್ರ ಸಾಲದು, ಗಡಿಯಾರವೂ ಬೇಕು.

ಮರದ ಕೆಲಸ

ಹೊರ ಅಳತೆ 240 ಮಿ.ಮೀ. ಉದ್ದ, 150 ಅಗಲ, 110 ಎತ್ತರ. ನಾಲ್ಕು ಗೋಡೆಗೂ ತಳಕ್ಕೂ 9 ಮಿ.ಮೀ. ಪ್ಲೈವುಡ್, ಮುಚ್ಚಳಕ್ಕೆ ಮಾತ್ರ 18. ಮುಚ್ಚಳ ಭಾರ ಇರಲಿ ಅಂತಲೇ ಹೀಗೆ. ಹಿಡಿ ಹಾಕಲಿಲ್ಲ. ಮೂಲೆಗಳಿಗೆ ಮರದ ಅಂಟು ಮತ್ತು ಸಣ್ಣ ಮೊಳೆ, ಹಿಂದೆ ಎರಡು ಕೀಲು. ಅಂಟು ಒಣಗುವವರೆಗೆ ಕ್ಲ್ಯಾಂಪ್ ಬಿಗಿದೇ ಇರಲಿ, ಒಂದು ರಾತ್ರಿ ಕಾಯಿರಿ. ಇದರಲ್ಲಿ ಹೇಳುವಂಥದ್ದೇನೂ ಇಲ್ಲ, ಯಾರು ಮಾಡಿದರೂ ಬರುತ್ತದೆ.

ಹೇಳಬೇಕಾದ್ದು ಶಾಖದ ವಿಷಯ. ಮುಚ್ಚಿದ ಪೆಟ್ಟಿಗೆಯಲ್ಲಿ ಫೋನ್ ಚಾರ್ಜ್ ಮಾಡುವುದು ಅಂದರೆ ಲಿಥಿಯಂ ಬ್ಯಾಟರಿಯನ್ನು ಕಂಬಳಿ ಹೊದಿಸಿ ಮಲಗಿಸಿದ ಹಾಗೆ. ಬ್ಯಾಟರಿಯ ಆಯಸ್ಸು ತಿನ್ನುವುದೇ ಶಾಖ. ಹಾಗಾಗಿ ಮೂರು ಕೆಲಸ ಮಾಡಿದೆ. ಅಡಾಪ್ಟರ್ ಪೆಟ್ಟಿಗೆಯ ಹೊರಗೇ ಇರುತ್ತದೆ, ಹಿಂದಿನ ಗೋಡೆಯಲ್ಲಿ 12 ಮಿ.ಮೀ. ತೂತು ಕೊರೆದು ಕೇಬಲ್ ಮಾತ್ರ ಒಳಗೆ ಬಿಟ್ಟಿದ್ದೇನೆ. ಫಾಸ್ಟ್ ಚಾರ್ಜರ್ ಬೇಡ. ರಾತ್ರಿಯಿಡೀ ಸಮಯ ಇರುವಾಗ 5 ವೋಲ್ಟ್, 1 ಆಂಪಿಯರ್‌ನ ಹಳೇ ಅಡಾಪ್ಟರ್ ಧಾರಾಳ ಸಾಕು. ವೈರ್‌ಲೆಸ್ ಪ್ಯಾಡ್ ಅಂತೂ ಇಡಲೇಬೇಡಿ, ಅದು ಕೇಬಲ್‌ಗಿಂತ ಜಾಸ್ತಿ ಬಿಸಿ ಮಾಡುತ್ತದೆ. ಕೊನೆಗೆ, ಎಡ ಬಲ ಎರಡೂ ಗೋಡೆಯಲ್ಲಿ 8 ಮಿ.ಮೀ. ತೂತುಗಳ ಎರಡೆರಡು ಸಾಲು: ಒಂದು ತಳದ ಹತ್ತಿರ, ಒಂದು ಮೇಲ್ಗಡೆ. ಬಿಸಿ ಗಾಳಿ ಮೇಲಿನ ತೂತಿಂದ ಹೋಗುತ್ತದೆ, ತಣ್ಣನೆಯದು ಕೆಳಗಿಂದ ಬರುತ್ತದೆ. ಫೋನ್ ತಳಕ್ಕೆ ಅಂಟಿ ಕೂರದ ಹಾಗೆ ಎರಡು ಮರದ ಪಟ್ಟಿ ಇಟ್ಟಿದ್ದೇನೆ. ಈ ತೂತುಗಳಿಂದ ಇನ್ನೊಂದು ಲಾಭ ಉಂಟು. ಯಾರಾದರೂ ಫೋನ್ ಮಾಡಿದರೆ ರಿಂಗ್ ಚೆನ್ನಾಗಿ ಕೇಳಿಸುತ್ತದೆ.

ಲೆಕ್ಕ ಬರೆಯುವ ಬೋರ್ಡ್

ಆರ್ಡುಯಿನೋ ನ್ಯಾನೋ ಅನ್ನುವ, ಪ್ರೋಗ್ರಾಂ ಹಾಕಬಹುದಾದ ಪುಟ್ಟ ಬೋರ್ಡ್, ಒಂದು ಡಿಎಸ್ 3231 ಗಡಿಯಾರದ ಮಾಡ್ಯೂಲ್, ಒಂದು ಮೈಕ್ರೋ ಎಸ್‌ಡಿ ಕಾರ್ಡ್ ಮಾಡ್ಯೂಲ್, ಒಂದು ರೀಡ್ ಸ್ವಿಚ್, ಒಂದು ಗುಂಡನೆಯ ಮ್ಯಾಗ್ನೆಟ್. ಇಷ್ಟೇ ಸಾಮಾನು.

ರೀಡ್ ಸ್ವಿಚ್ ಅಂದರೆ ಗಾಜಿನ ಪುಟ್ಟ ಕೊಳವೆ. ಒಳಗೆ ಎರಡು ತೆಳು ಲೋಹದ ನಾಲಿಗೆಗಳು ಇರುತ್ತವೆ. ಮ್ಯಾಗ್ನೆಟ್ ಹತ್ತಿರ ಬಂದರೆ ಅಂಟುತ್ತವೆ, ದೂರ ಹೋದರೆ ಬಿಡುತ್ತವೆ. ಮ್ಯಾಗ್ನೆಟ್ ಮುಚ್ಚಳದಲ್ಲಿ, ಸ್ವಿಚ್ ಮುಂದಿನ ಗೋಡೆಯ ಬಲ ತುದಿಯಲ್ಲಿ. ಇದರ ಕಾಲು ಬಗ್ಗಿಸುವಾಗ ಜೋಪಾನ. ಕೈಯಲ್ಲಿ ಹಾಗೇ ಬಗ್ಗಿಸಿದರೆ ಗಾಜು ಸೀಳುತ್ತದೆ. ಗಾಜಿನ ಪಕ್ಕದಲ್ಲೇ ಕಾಲನ್ನು ಇಕ್ಕಳದಿಂದ ಹಿಡಿದು, ಇಕ್ಕಳದ ಆಚೆಗಿನ ಭಾಗವನ್ನು ಮಾತ್ರ ಬಗ್ಗಿಸಬೇಕು. ಒಂದು ಕಾಲು ನ್ಯಾನೋದ ಡಿಜಿಟಲ್ ಪಿನ್‌ಗೆ, ಇನ್ನೊಂದು ಗ್ರೌಂಡ್‌ಗೆ. ಸ್ವಿಚ್ ಬಿಟ್ಟಾಗ ಪಿನ್ ಅತ್ತಿತ್ತ ಓಲಾಡದಂತೆ ಹಿಡಿಯಲು ನ್ಯಾನೋದ ಒಳಗಿನ ಪುಲ್‌ಅಪ್ ರೆಸಿಸ್ಟರನ್ನೇ ಬಳಸಿದರೆ ಬೇರೆ ಹಾಕುವುದು ಬೇಡ.

ಗಡಿಯಾರದ ಮಾಡ್ಯೂಲ್‌ನಲ್ಲಿ ಒಂದು ಹುಳುಕು ಇದೆ, ಕೊಳ್ಳುವವರು ಗಮನಿಸಿ. ಎಲ್ಲ ಕಡೆ ಸಿಗುವ ಜೆಡ್‌ಎಸ್-042 ಅನ್ನುವ ನೀಲಿ ಮಾಡ್ಯೂಲ್ ತನ್ನ ಬಟನ್ ಸೆಲ್ಲನ್ನು ಚಾರ್ಜ್ ಮಾಡಲು ನೋಡುತ್ತದೆ. ರೀಚಾರ್ಜ್ ಆಗುವ ಎಲ್‌ಐಆರ್ 2032 ಸೆಲ್‌ಗಾಗಿ ಮಾಡಿದ ಸರ್ಕ್ಯೂಟ್ ಅದು. ನಾವು ಹಾಕುವುದು ಸಾಮಾನ್ಯವಾಗಿ ಸಿಆರ್ 2032. ಅದನ್ನು ಚಾರ್ಜ್ ಮಾಡಲೇಬಾರದು, ಉಬ್ಬಬಹುದು, ಸೋರಬಹುದು. 201 ಅಂತ ಬರೆದಿರುವ ಪುಟಾಣಿ ರೆಸಿಸ್ಟರ್ ಅಥವಾ ಅದರ ಪಕ್ಕದ ಡಯೋಡ್, ಎರಡರಲ್ಲಿ ಒಂದನ್ನು ಸೋಲ್ಡರಿಂಗ್ ಐರನ್ ಮುಟ್ಟಿಸಿ ತೆಗೆದುಬಿಟ್ಟರೆ ಚಾರ್ಜಿಂಗ್ ನಿಲ್ಲುತ್ತದೆ, ಗಡಿಯಾರಕ್ಕೆ ಏನೂ ಆಗುವುದಿಲ್ಲ. ನಾನು ರೆಸಿಸ್ಟರ್ ತೆಗೆದೆ.

ಪ್ರೋಗ್ರಾಂ ಸರಳ. ಸ್ವಿಚ್ ಬಿಟ್ಟಿತಾ? 50 ಮಿಲಿಸೆಕೆಂಡ್ ಕಾದು ಮತ್ತೆ ನೋಡು. ಇನ್ನೂ ಬಿಟ್ಟೇ ಇದ್ದರೆ ತಾರೀಖು, ಗಂಟೆ, 'ತೆರೆದಿದೆ' ಅಂತ ಒಂದು ಸಾಲು ಬರೆ. ಅಂಟಿದರೆ 'ಮುಚ್ಚಿದೆ' ಅಂತ ಇನ್ನೊಂದು ಸಾಲು. ಪ್ರತಿ ಸಾಲಿಗೂ ಫೈಲ್ ಮುಚ್ಚಿಬಿಡಬೇಕು, ಇಲ್ಲದಿದ್ದರೆ ಕರೆಂಟ್ ಹೋದಾಗ ಬರೆದದ್ದೂ ಹೋಗುತ್ತದೆ. ಆ 50 ಮಿಲಿಸೆಕೆಂಡ್ ಯಾಕೆ ಅಂದರೆ, ಲೋಹದ ನಾಲಿಗೆಗಳು ಅಂಟುವಾಗ ಒಂದೇ ಸಲ ಅಂಟದೆ ಪಟಪಟ ಅಂತ ಪುಟಿಯುತ್ತವೆ. ಕಾಯದಿದ್ದರೆ ಒಂದು ಸಲ ತೆರೆದದ್ದು ಹತ್ತು ಸಲ ಅಂತ ಬರುತ್ತದೆ.

ಇಲ್ಲೊಂದು ಮಾತು. ಫೋನಿನ ಬೆನ್ನಲ್ಲಿ ಮ್ಯಾಗ್ನೆಟ್ ಬಳೆ ಇದ್ದರೆ (ಐಫೋನ್ 12ರಿಂದ ಈಚೆಗಿನ ಬಹಳ ಮಾದರಿಗಳಲ್ಲಿ ಇದೆ) ಅದು ರೀಡ್ ಸ್ವಿಚ್ಚಿನ ಪಕ್ಕ ಕೂತರೆ, ಮುಚ್ಚಳ ತೆಗೆದರೂ ಸ್ವಿಚ್ ಅಂಟಿಕೊಂಡೇ ಇರುತ್ತದೆ. ಫೋನಿನ ಪಟ್ಟಿಗಳನ್ನು ಎಡಗಡೆಗೆ ಸರಿಸಿ ಸ್ವಿಚ್ಚಿನಿಂದ ದೂರ ಇಟ್ಟರೆ ಸರಿಹೋಗುತ್ತದೆ.

ಪೆಟ್ಟಿಗೆಯ ಮೇಲೆ ಒಂದು ಪುಟ್ಟ ಡಿಸ್‌ಪ್ಲೇ ಹಾಕಿ ಇವತ್ತಿನ ಲೆಕ್ಕ ತೋರಿಸಬಹುದಲ್ಲ ಅಂತ ಕೇಳಿದವರಿದ್ದಾರೆ. ಬೇಡ ಅಂತಲೇ ಬಿಟ್ಟೆ. ನೋಡಲು ಇನ್ನೊಂದು ನಂಬರ್ ಕೊಟ್ಟರೆ ಅದನ್ನೂ ಪದೇ ಪದೇ ನೋಡುತ್ತೇವೆ. ಅಲ್ಲದೆ ನಮ್ಮನ್ನು ಯಾರೋ ಎಣಿಸುತ್ತಿದ್ದಾರೆ ಅಂತ ಗೊತ್ತಿದ್ದರೆ ನಡತೆ ತಾನಾಗಿ ಬದಲಾಗುತ್ತದೆ. ಕೇಳಲು ಒಳ್ಳೆಯದೇ, ಆದರೆ ಮೊದಲ ಅಳತೆಗೆ ಅದು ಕಲಬೆರಕೆ.

ಅಳತೆ ಹೇಳಿದ್ದು

ಮೊದಲ ಕೆಲವು ವಾರ ನಟ್ ಹಾಕಲಿಲ್ಲ. ಪೆಟ್ಟಿಗೆ ಹಾಸಿಗೆಯ ಪಕ್ಕದಲ್ಲೇ, ಸುಮ್ನೆ ಮುಚ್ಚಳ ಎತ್ತಿದರೆ ಆಯಿತು. ಆಮೇಲೆ ಕಾರ್ಡ್ ತೆಗೆದು ಕಂಪ್ಯೂಟರ್‌ನಲ್ಲಿ ಗಂಟೆಗಂಟೆಯ ಪಟ್ಟಿ ಮಾಡಿದೆ.

ಮುಚ್ಚಳ ತೆರೆದದ್ದು ರಾತ್ರಿಯೆಲ್ಲ ಹರಡಿಕೊಂಡಿರಬಹುದು ಅಂತ ನಾನು ಅಂದುಕೊಂಡಿದ್ದೆ. ಹಾಗಿರಲಿಲ್ಲ. ಎರಡು ಗುಡ್ಡೆ. ಒಂದು ದೀಪ ಆರಿಸಿದ ಮೇಲಿನ ಅರ್ಧ ಗಂಟೆ, ಇನ್ನೊಂದು ಬೆಳಗ್ಗೆ ಅಲಾರಂ ಹೊಡೆದ ಮೇಲಿನ ಹತ್ತು ನಿಮಿಷ. ಮಧ್ಯದಲ್ಲಿ ಹೆಚ್ಚುಕಡಿಮೆ ಖಾಲಿ. ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ರಾತ್ರಿಯ ಗುಡ್ಡೆಯಲ್ಲಿ ಮುಚ್ಚಿದ ಎರಡು ಮೂರು ನಿಮಿಷಕ್ಕೇ ಮತ್ತೆ ತೆರೆದದ್ದು ಬಹಳ. ಅಷ್ಟರಲ್ಲಿ ಏನು ಹೊಸದು ಬಂದಿರುತ್ತದೆ? ಏನೂ ಇಲ್ಲ. ಆದರೆ ಯಾವಾಗಲೋ ಒಮ್ಮೆ ಬಂದಿರುತ್ತದೆ, ಅದೇ ಸಾಕು. ಬಹುಮಾನ ಯಾವ ಸಲ ಸಿಗುತ್ತದೆ ಅಂತ ಗೊತ್ತಿಲ್ಲದಿದ್ದರೆ ಪಾರಿವಾಳ ಬಿಡದೆ ಕುಕ್ಕುತ್ತಲೇ ಇರುತ್ತದೆ ಅಂತ ಮನಃಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಪ್ರಯೋಗಾಲಯದಲ್ಲಿ ತೋರಿಸಿ ಎಷ್ಟೋ ದಶಕ ಆಯಿತು.

ಬೆಳಗಿನ ಗುಡ್ಡೆಯ ಕಾರಣ ಇನ್ನೂ ಸಪ್ಪೆ. ಅಲಾರಂ ಫೋನಿನಲ್ಲೇ ಇತ್ತು. ನಿಲ್ಲಿಸಬೇಕಾದರೆ ಫೋನ್ ಕೈಗೆ ಬರಲೇಬೇಕು, ಬಂದ ಮೇಲೆ ಸ್ಕ್ರೀನ್ ಬೆಳಗಿಯೇ ಇರುತ್ತದೆ. ಇಡೀ ಪ್ರಾಜೆಕ್ಟ್‌ನಲ್ಲಿ ಒಂದೇ ಒಂದು ಕೆಲಸ ಮಾಡಿ ಅಂದರೆ ನಾನು ಹೇಳುವುದು ಇದನ್ನೇ: ಒಂದು ಬೇರೆ ಅಲಾರಂ ಗಡಿಯಾರ ತನ್ನಿ, ಬರೀ ಗಂಟೆ ಹೊಡೆಯುವಂಥದ್ದು. ಪೆಟ್ಟಿಗೆ ಮಾಡದಿದ್ದರೂ ನಡೆಯುತ್ತದೆ.

ನಟ್, ಮತ್ತು ಎಡಗೈ

ಟೈಮರ್ ಬೀಗ ಹಾಕುವ ಯೋಚನೆ ಮೊದಲು ಬಂದದ್ದು ನಿಜ. ಒಂದು ಸರ್ವೋ ಮೋಟರ್, ಬೆಳಗ್ಗೆ ಏಳಕ್ಕೆ ತಾನಾಗಿ ತೆರೆಯುವುದು. ಎರಡು ಕಾರಣಕ್ಕೆ ಕೈಬಿಟ್ಟೆ. ರಾತ್ರಿ ಏನೋ ತುರ್ತು ಬಂದರೆ ಫೋನ್ ಸಿಗಲೇಬೇಕು, ಅದರಲ್ಲಿ ಮಾತಿಲ್ಲ. ಎರಡನೆಯದು, ಬೀಗ ಹಾಕಿದರೆ ಕೈ ಏನನ್ನೂ ಕಲಿಯುವುದಿಲ್ಲ, ಬೀಗ ತೆಗೆಯುವುದನ್ನೇ ಕಾಯುತ್ತದೆ. ನನಗೆ ಬೇಕಿದ್ದದ್ದು ತಡೆಯಲ್ಲ, ತಡ.

ತಡ ಮಾಡಲು ಸ್ಕ್ರೂಗಿಂತ ಒಳ್ಳೆಯ ಯಂತ್ರ ಇಲ್ಲ. ಎಂ6 (ಅಂದರೆ 6 ಮಿ.ಮೀ. ದಪ್ಪದ) ಬೋಲ್ಟ್‌ನ ಮಾಮೂಲಿ ಎಳೆಯ ಅಂತರ ಸರಿಯಾಗಿ 1 ಮಿ.ಮೀ. ಅಂದರೆ ಒಂದು ಸುತ್ತಿಗೆ ನಟ್ ಒಂದು ಮಿ.ಮೀ. ಏರುತ್ತದೆ. ಮುಚ್ಚಳದ ಮೇಲೆ ಬೋಲ್ಟ್ 15 ಮಿ.ಮೀ. ಚಾಚಿಕೊಂಡಿದ್ದರೆ ಹದಿನೈದು ಸುತ್ತು. ಎಷ್ಟು ತಡ ಬೇಕೋ ಅಷ್ಟು ಉದ್ದ ಬಿಡಬಹುದು, ಲೆಕ್ಕ ಬೆರಳ ತುದಿಯಲ್ಲಿ.

ಪೆಟ್ಟಿಗೆಯ ಒಳಗೆ, ಮುಂದಿನ ಎಡ ಮೂಲೆಯಲ್ಲಿ 20 ಮಿ.ಮೀ. ಎತ್ತರದ ಮರದ ತುಂಡು ಅಂಟಿಸಿದೆ, ಗೋಡೆಯ ಅಂಚಿಗಿಂತ ಸ್ವಲ್ಪ ಕೆಳಗೆ. 60 ಮಿ.ಮೀ. ಉದ್ದದ ಬೋಲ್ಟನ್ನು ಅದರ ಕೆಳಗಿಂದ ತೂರಿಸಿ, ಮೇಲೆ ಒಂದು ಮಾಮೂಲಿ ನಟ್ ಹಾಕಿ ಬಿಗಿದರೆ ಅದು ಅಲ್ಲಾಡುವುದಿಲ್ಲ. ಮುಚ್ಚಳದಲ್ಲಿ ದುಂಡು ತೂತು ಕೊರೆದರೆ ಬೋಲ್ಟ್ ಸಿಕ್ಕಿಕೊಳ್ಳುತ್ತದೆ, ಯಾಕೆಂದರೆ ಮುಚ್ಚಳ ನೇರ ಮೇಲಕ್ಕೆ ಏಳದೆ ಹಿಂದಿನ ಕೀಲಿನ ಸುತ್ತ ಬಾಗಿ ಏಳುತ್ತದೆ. ಹಾಗಾಗಿ ಮುಚ್ಚಳದ ಮುಂದಿನ ಅಂಚಿನಿಂದ ಒಳಕ್ಕೆ ಯು ಆಕಾರದಲ್ಲಿ ಕತ್ತರಿಸಿ, ಅರ ಹಾಕಿ ಉಜ್ಜಿದೆ. ಮೇಲೆ ಅಗಲವಾದ ವಾಷರ್, ಅದರ ಮೇಲೆ ಎರಡು ರೆಕ್ಕೆಯ ಬಟರ್‌ಫ್ಲೈ ನಟ್.

ಎಡ ಮೂಲೆ ಯಾಕೆ ಅನ್ನುವುದಕ್ಕೆ ಒಂದು ಪಾಪ್‌ಕಾರ್ನ್ ಪ್ರಯೋಗ ಕಾರಣ. ಡೇವಿಡ್ ನೀಲ್, ವೆಂಡಿ ವುಡ್ ಮತ್ತಿತರರು 2011ರಲ್ಲಿ ಪ್ರಕಟಿಸಿದ್ದು. ಸಿನಿಮಾ ಮಂದಿರಕ್ಕೆ ಬಂದವರಿಗೆ ಕೆಲವರಿಗೆ ತಾಜಾ ಪಾಪ್‌ಕಾರ್ನ್, ಕೆಲವರಿಗೆ ಒಂದು ವಾರದ ಹಳಸಲು ಕೊಟ್ಟರು. ಸಿನಿಮಾದಲ್ಲಿ ಪಾಪ್‌ಕಾರ್ನ್ ತಿನ್ನುವ ರೂಢಿ ಗಟ್ಟಿಯಾಗಿದ್ದವರು ಹಳಸಲನ್ನೂ ತಾಜಾದಷ್ಟೇ ತಿಂದರು. ರುಚಿ ಇಲ್ಲ ಅಂತ ಅವರಿಗೆ ಗೊತ್ತಿತ್ತು, ಆದರೂ ತಿಂದರು. ಇನ್ನೊಂದು ಸುತ್ತಿನ ಪ್ರಯೋಗದಲ್ಲಿ ಅಂಥದೇ ರೂಢಿಯ ಜನಕ್ಕೆ ರೂಢಿಯಿಲ್ಲದ ಕೈಯಲ್ಲಿ ತಿನ್ನಿ ಅಂದಾಗ ಹಳಸಲು ತಿನ್ನುವುದು ಕಡಿಮೆಯಾಯಿತು. ಕೈ ಬದಲಾದ ಕೂಡಲೇ ನಾಲಿಗೆ ಎಚ್ಚರಾಯಿತು ಅಂದ ಹಾಗೆ.

ನಾನು ಬಲಗೈಯವನು. ಪೆಟ್ಟಿಗೆಯನ್ನು ಹಾಸಿಗೆಯಿಂದ ದೂರ, ಕೋಣೆಯ ಬಾಗಿಲ ಪಕ್ಕದ ಕಪಾಟಿನ ಮೇಲೆ, ಬಲಗಡೆ ಗೋಡೆ ಬರುವ ಹಾಗೆ ಇಟ್ಟೆ (ಬಲಗಡೆಯ ಗಾಳಿ ತೂತು ಮುಚ್ಚದ ಹಾಗೆ ಎರಡು ಬೆರಳು ಜಾಗ ಬಿಡಿ). ಬಲಗೈಯಲ್ಲಿ ನಟ್ ಹಿಡಿಯಲು ಹೋದರೆ ಮೊಣಕೈ ಗೋಡೆಗೆ ತಾಗುತ್ತದೆ. ಎಡಗೈಯೇ ಬೇಕು. ಎಡಗೈಗೆ ನಟ್ ಯಾವ ಕಡೆ ತಿರುಗಿಸಬೇಕು ಅನ್ನುವುದೂ ಮೊದಮೊದಲು ಯೋಚನೆ ಮಾಡಬೇಕಾಗುತ್ತದೆ. ಆ ಯೋಚನೆಯೇ ಇಲ್ಲಿ ಸರಕು. ಏಳನೆಯ ಎಂಟನೆಯ ಸುತ್ತಿಗೆ 'ಈಗ ಯಾಕೆ ತೆಗೀತಾ ಇದ್ದೀನಿ?' ಅನ್ನೋದು ತಾನಾಗಿ ಬರುತ್ತದೆ. ಉತ್ತರ ಇದ್ದರೆ ತೆಗೆಯುತ್ತೇನೆ. ಬಹಳ ಸಲ ಇರುವುದಿಲ್ಲ, ಅಲ್ಲೇ ಬಿಟ್ಟು ಬರುತ್ತೇನೆ.

ಪಟ್ಟಿಯಲ್ಲಿ ಮೊದಲು ಕರಗಿದ್ದು ಆ ಎರಡು ಮೂರು ನಿಮಿಷದ ಮರು ತೆರೆಯುವಿಕೆ. ಮುಚ್ಚಿ, ನಟ್ ಬಿಗಿದು, ಮತ್ತೆ ಹದಿನೈದು ಸುತ್ತು ಬಿಚ್ಚುವ ಸಹನೆ ಯಾರಿಗೂ ಇರುವುದಿಲ್ಲ. ಬೆಳಗಿನ ಗುಡ್ಡೆ ಅಲಾರಂ ಗಡಿಯಾರ ಬಂದ ದಿನವೇ ಕುಸಿಯಿತು. ರಾತ್ರಿಯದು ನಿಧಾನ.

ಖಾಲಿ ಜಾಗದ ತೊಂದರೆ

ಪೆಟ್ಟಿಗೆ ದೂರ ಹೋದ ಮೇಲೆ ಕೈ ಏನು ಮಾಡಿತು ಅಂದರೆ, ದಿಂಬಿನ ಪಕ್ಕದ ಖಾಲಿ ಮೇಜನ್ನು ತಡವಿತು. ದೀಪ ಆರಿದರೆ ಚಾಚು ಅನ್ನುವುದು ಅಳಿಸಿ ಹೋಗಿರಲಿಲ್ಲ.

ಅಳಿಸಿ ಹೋಗುವುದೂ ಇಲ್ಲ ಅಂತ ಕಾಣುತ್ತದೆ. ಅಮೆರಿಕದ ಎಂಐಟಿಯಲ್ಲಿ ನರವಿಜ್ಞಾನಿ ಆ್ಯನ್ ಗ್ರೇಬಿಯಲ್ ಅವರ ತಂಡ ಇಲಿಗಳನ್ನು ಟಿ ಆಕಾರದ ದಾರಿಯಲ್ಲಿ ಓಡಿಸಿ ಮೆದುಳಿನ ಸ್ಟ್ರಯೇಟಮ್ ಭಾಗದ ನರಕೋಶಗಳನ್ನು ಆಲಿಸಿತು. ಕಲಿಯುವಾಗ ದಾರಿಯುದ್ದಕ್ಕೂ ಸದ್ದು ಮಾಡುತ್ತಿದ್ದ ಕೋಶಗಳು, ರೂಢಿಯಾದ ಮೇಲೆ ಓಟದ ಶುರುವಿನಲ್ಲೂ ಕೊನೆಯಲ್ಲೂ ಮಾತ್ರ ಜೋರಾದವು. ಇದು 1999ರದ್ದು. 2005ರಲ್ಲಿ ಅದೇ ತಂಡ ಬಹುಮಾನ ತೆಗೆದುಬಿಟ್ಟು ನೋಡಿತು, ಆ ವಿನ್ಯಾಸ ಮಸುಕಾಯಿತು. ಬಹುಮಾನ ಮತ್ತೆ ಇಟ್ಟಾಗ ಅದು ಥಟ್ಟನೆ ವಾಪಸ್ ಬಂತು. ನನ್ನ ವಿಷಯದಲ್ಲೂ ಹಾಗೇ. ಊರು ಬಿಟ್ಟು ಬೇರೆ ಕಡೆ ಮಲಗಿ ಫೋನ್ ದಿಂಬಿನ ಪಕ್ಕ ಇಟ್ಟರೆ ಮೊದಲ ರಾತ್ರಿಯೇ ಹಳೇ ಕೈ ಹಾಜರ್.

ಹಾಗಿದ್ದರೆ ಮಾಡುವುದು ಒಂದೇ. ಶುರುವನ್ನು ಬಿಟ್ಟುಬಿಡಿ, ಅದು ಹೇಗೂ ಬರುತ್ತದೆ. ಕೈ ತಲುಪುವ ಜಾಗದಲ್ಲಿ ಬೇರೆ ಏನಾದರೂ ಇಡಿ. ಫೋನ್ ಇರುತ್ತಿದ್ದ ಅದೇ ಮೂಲೆಯಲ್ಲಿ ಒಂದು ನೋಟ್‌ಬುಕ್ ಮತ್ತು ಪೆನ್ಸಿಲ್ ಇಟ್ಟೆ. ಪೆನ್ನಲ್ಲ, ಪೆನ್ಸಿಲ್. ಮಲಗಿಕೊಂಡೇ ಬರೆಯುವಾಗ ಪೆನ್ ಕೈಕೊಡುತ್ತದೆ. ನೋಟ್‌ಬುಕ್ ಬಿಚ್ಚಿಯೇ ಇರಬೇಕು, ಪೆನ್ಸಿಲ್ ಪುಟದ ಮೇಲೇ ಇರಬೇಕು. ಮುಚ್ಚಿಟ್ಟರೆ ಅದೂ ಒಂದು ಸಣ್ಣ ನಟ್ಟೇ ಆಗುತ್ತದೆ. ಕೆಟ್ಟದ್ದಕ್ಕೆ ಎಷ್ಟು ಸುತ್ತು ಸೇರಿಸಿದೆನೋ ಅಷ್ಟೂ ಸುತ್ತನ್ನು ಇಲ್ಲಿ ಕಳೆಯಬೇಕು. ನಾಳೆಯ ಮೂರು ಕೆಲಸ, ತಲೆಯಲ್ಲಿ ಸುತ್ತುತ್ತಿರುವ ಒಂದು ಮಾತು, ಇಷ್ಟು ಗೀಚಿದರೆ ಆಯಿತು.

ಫೋನನ್ನು ಪೆಟ್ಟಿಗೆಗೆ ಹಾಕುವುದಕ್ಕೂ ಒಂದು ಕೊಕ್ಕೆ ಬೇಕಿತ್ತು. 'ಮಲಗುವ ಮೊದಲು ಹಾಕುತ್ತೇನೆ' ಅನ್ನೋದು ನಡೆಯುವುದಿಲ್ಲ, ಮಲಗುವ ಮೊದಲು ಅಂದರೆ ಎರಡು ಗಂಟೆ ಆಚೀಚೆ. 'ಇದಾದ ಕೂಡಲೇ ಅದು' ಅಂತ ಕೂಡಿಸಿಟ್ಟರೆ ಕೆಲಸ ಆಗುತ್ತದೆ ಅಂತ ಮನಃಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ 1999ರಲ್ಲೇ ಬರೆದಿದ್ದಾರೆ. ಮುಚ್ಚಳದ ಒಳಗಡೆ ಪೆನ್ಸಿಲ್‌ನಲ್ಲಿ ಬರೆದಿದ್ದೇನೆ: 'ಹಲ್ಲುಜ್ಜಿ ಬಂದ ಕೂಡಲೇ ಫೋನ್ ಇಲ್ಲಿಗೆ.' ಹಲ್ಲುಜ್ಜುವುದು ಹೇಗೂ ತಪ್ಪುವುದಿಲ್ಲ, ಅದರ ಬಾಲಕ್ಕೆ ಇದನ್ನು ಕಟ್ಟಿದ್ದು.

ಇಪ್ಪತ್ತೊಂದು ದಿನದಲ್ಲಿ ಎಲ್ಲ ರೂಢಿಯಾಗುತ್ತದೆ ಅನ್ನುವ ಮಾತನ್ನು ನೆಚ್ಚಿಕೊಂಡು ನಟ್ ಬಿಚ್ಚಬೇಡಿ. ಫಿಲಿಪಾ ಲಾಲಿ ಮತ್ತು ಸಂಗಡಿಗರು 96 ಜನರನ್ನು 84 ದಿನ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಡುವಿನ ಅಂಕಿ 66 ದಿನ, ಕಡಿಮೆ ಅಂದರೆ 18, ಜಾಸ್ತಿ ಅಂದರೆ 254. ಆ 254 ಕಣ್ಣಾರೆ ಕಂಡದ್ದಲ್ಲ, ಗೆರೆಯನ್ನು ಮುಂದಕ್ಕೆ ಎಳೆದು ಅಂದಾಜು ಮಾಡಿದ್ದು. ನಡುವೆ ಒಂದು ದಿನ ತಪ್ಪಿದರೆ ಹೆಚ್ಚೇನೂ ಹಾಳಾಗಲಿಲ್ಲ ಅನ್ನುವುದು ಅದರಲ್ಲಿ ನನಗೆ ಹಿಡಿಸಿದ ಭಾಗ. ಊರಿಗೆ ಹೋಗಿ ಬಂದ ಮೇಲೆ ಪೆಟ್ಟಿಗೆಯನ್ನು ಮೂಲೆಗೆ ಎಸೆಯದಿರಲು ಇಷ್ಟು ಧೈರ್ಯ ಸಾಕು.

ಸಣ್ಣಪುಟ್ಟ ರಿಪೇರಿ, ಮುಂದಿನ ಕೆಲಸ

ತೇವದ ದಿನಗಳಲ್ಲಿ ಮುಚ್ಚಳ ಕೊಂಚ ಸೊಟ್ಟಗಾಗಿ ಮ್ಯಾಗ್ನೆಟ್ ದೂರವಾಯಿತು, ಸ್ವಿಚ್ ಅರೆಬರೆ ಅಂಟಿ ಸುಳ್ಳು ಸಾಲುಗಳು ಬರತೊಡಗಿದವು. ಮ್ಯಾಗ್ನೆಟ್ಟಿನ ಕೆಳಗೆ ಒಂದು ತೆಳು ಪ್ಲೈ ಚೂರು ಕೊಟ್ಟು ಹತ್ತಿರ ತಂದೆ, ಮುಚ್ಚಳದ ಎರಡೂ ಮುಖಕ್ಕೆ ವಾರ್ನಿಷ್ ಬಳಿದೆ. ಒಂದೇ ಮುಖಕ್ಕೆ ಬಳಿದರೆ ಇನ್ನಷ್ಟು ಸೊಟ್ಟಗಾಗುತ್ತದೆ. ನಟ್ ಬಿಗಿಯಾಗಿ ತಿರುಗತೊಡಗಿದ್ದಕ್ಕೆ ಮೇಣದಬತ್ತಿ ಉಜ್ಜಿದರೆ ಸಾಕಾಯಿತು, ಎಣ್ಣೆ ಬೇಡ, ಮರಕ್ಕೆ ಕಲೆ.

ಈಗ ಉಳಿದಿರುವ ತೊಂದರೆ ಎಡಗೈಯದು. ಅದೂ ಕಲಿತುಬಿಟ್ಟಿದೆ. ಹದಿನೈದು ಸುತ್ತನ್ನು ಯೋಚನೆಯೇ ಇಲ್ಲದೆ ಸರಸರ ಬಿಚ್ಚುತ್ತದೆ, ಪಟ್ಟಿಯಲ್ಲಿ ರಾತ್ರಿಯ ಗುಡ್ಡೆ ಸ್ವಲ್ಪ ತಲೆ ಎತ್ತಿದೆ. ಬಟರ್‌ಫ್ಲೈ ನಟ್ ತೆಗೆದು ರೆಕ್ಕೆಯಿಲ್ಲದ ಮಾಮೂಲಿ ನಟ್ ಹಾಕಿ, 10 ಮಿ.ಮೀ. ಸ್ಪ್ಯಾನರನ್ನು ಬೇರೆ ಕೋಣೆಯಲ್ಲಿ ತೂಗುಹಾಕಬೇಕು ಅಂದುಕೊಂಡಿದ್ದೇನೆ. ಬೆರಳಲ್ಲಿ ಬಿಚ್ಚಲಾಗದಷ್ಟು ಬಿಗಿಯಬೇಕು, ಆದರೆ ಪ್ಲೈ ನುಜ್ಜಾಗಬಾರದು. ಅಗಲದ ವಾಷರ್ ಇನ್ನೂ ಒಂದು ಬೇಕಾಗಬಹುದು.